ಮೈಟರ್ ಸಾಗೆ 60 ಹಲ್ಲಿನ ಬದಲಿ ಬ್ಲೇಡ್: ಎರಡು ವರ್ಷ ಬಳಸಿದ ಮೇಲೆ

ಫೋಟೋ ಫ್ರೇಮು, ಕನ್ನಡಿಯ ಚೌಕಟ್ಟು ಮತ್ತು ಬಾಗಿಲಿನ ಬೀಡಿಂಗ್ ಮಾಡುವ ನನ್ನ ಮರಗೆಲಸದ ಮನೆಯಲ್ಲಿ 10 ಇಂಚಿನ ಸ್ಲೈಡಿಂಗ್ ಮೈಟರ್ ಸಾ ಇದೆ, ಅಂದರೆ ಬ್ಲೇಡನ್ನು ಹಿಂದೆ ಮುಂದೆ ಸರಿಸಿ ಮರವನ್ನು ಬೇಕಾದ ಕೋನದಲ್ಲಿ ಅಡ್ಡಕ್ಕೆ ಕತ್ತರಿಸುವ ವಿದ್ಯುತ್ ಗರಗಸ. ಅದರ ಜೊತೆ ಬಂದ ಬ್ಲೇಡ್ ಮೊಂಡಾದ ಮೇಲೆ ಕೊಂಡ ಎರಡನೆಯ ಬದಲಿ ಬ್ಲೇಡಿನ ವಿಮರ್ಶೆ ಇದು. 255 ಮಿ.ಮೀ. ವ್ಯಾಸ, 60 ಕಾರ್ಬೈಡ್ ಹಲ್ಲು, 2.8 ಮಿ.ಮೀ. ಕಡಿತದ ಅಗಲ, ಮೈನಸ್ 5 ಡಿಗ್ರಿ ಹುಕ್ ಕೋನ (ಹಲ್ಲು ಮುಂದಕ್ಕೋ ಹಿಂದಕ್ಕೋ ವಾಲಿರುವ ಪ್ರಮಾಣ): ಬ್ಲೇಡಿನ ಮೇಲೆ ಅಚ್ಚಾಗಿರುವ ಈ ಅಂಕಿಗಳಲ್ಲಿ ಕೊನೆಯದನ್ನು ಕೊಳ್ಳುವವರು ಮೊದಲು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಬದಲಿ ಬ್ಲೇಡನ್ನು ನಾನು ವ್ಯಾಸ ಮತ್ತು ಹಲ್ಲಿನ ಎಣಿಕೆ ನೋಡಿಯಷ್ಟೇ ತಂದಿದ್ದೆ. 40 ಹಲ್ಲಿನ ಆ ಬ್ಲೇಡಿನ ಹುಕ್ ಕೋನ 20 ಡಿಗ್ರಿ, ಅಂದರೆ ಹಲ್ಲುಗಳು ತಿರುಗುವ ದಿಕ್ಕಿಗೆ ಚೆನ್ನಾಗಿ ಮುಂದೆ ವಾಲಿದ್ದವು. ಮೇಜಿನ ಸೀಳಿನಿಂದ ಬ್ಲೇಡ್ ಮೇಲೆ ಚಾಚಿರುವ ಟೇಬಲ್ ಸಾದಲ್ಲಿ ಇದು ಒಳ್ಳೆಯ ಗುಣವೇ, ಏಕೆಂದರೆ ನಮ್ಮ ಎದುರಿನ ಹಲ್ಲುಗಳು ಕೆಳಗಿಳಿಯುತ್ತ ಮರವನ್ನು ಮೇಜಿಗೆ ಒತ್ತುತ್ತವೆ. ಸ್ಲೈಡಿಂಗ್ ಮೈಟರ್ ಸಾದಲ್ಲಿ ಬ್ಲೇಡನ್ನು ಹಿಂದಿನ ಫೆನ್ಸಿನತ್ತ (ಮರವನ್ನು ಒರಗಿಸುವ ಆಸರೆಯತ್ತ) ತಳ್ಳುವಾಗ ಮರವನ್ನು ಕಚ್ಚುವುದು ಮೇಲೇಳುತ್ತಿರುವ ಹಲ್ಲುಗಳು. ಅವು ಮುಂದೆ ವಾಲಿದ್ದಷ್ಟೂ ತೆಳುವಾದ ಪಟ್ಟಿಯನ್ನು ಎತ್ತಿ ಎಳೆದುಕೊಳ್ಳುತ್ತವೆ. 20 ಮಿ.ಮೀ.ಯ ತೇಗದ ಬೀಡಿಂಗೊಂದು ಹಾಗೆ ಕೈಯಿಂದ ಕಿತ್ತುಕೊಂಡು ಸೀಳಿಹೋದ ದಿನವೇ ಆ ಬ್ಲೇಡನ್ನು ಬಿಚ್ಚಿಟ್ಟೆ. 255 ಮಿ.ಮೀ. ಬ್ಲೇಡ್ ನಿಮಿಷಕ್ಕೆ 4800 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಸೆಕೆಂಡಿಗೆ ಸುಮಾರು 64 ಮೀಟರ್ ಆಗುತ್ತದೆ. ಅಷ್ಟು ವೇಗದ ಮುಂದೆ ಕೈಹಿಡಿತಕ್ಕೆ ಬೆಲೆಯಿಲ್ಲ.

ಮೈನಸ್ ಕೋನದ ಹಲ್ಲು ಹಿಂದಕ್ಕೆ ವಾಲಿರುವುದರಿಂದ ಮರವನ್ನು ಎಳೆಯದೆ, ಹೆರೆದಂತೆ ಕತ್ತರಿಸುತ್ತದೆ. ಕೈ ಸ್ವಲ್ಪ ಹೆಚ್ಚು ಬಲ ಕೊಡಬೇಕು, ನಿಧಾನವಾಗಿ ತಳ್ಳಬೇಕು. ದಿನಕ್ಕೆ ನೂರಾರು ತುಂಡು ಕತ್ತರಿಸುವವರಿಗೆ ಇದು ಭಾರವೆನಿಸಬಹುದು. ನನಗೆ ಅದರಿಂದ ಸಿಕ್ಕ ಮೂಲೆಗಳು ಆ ಶ್ರಮಕ್ಕೆ ತಕ್ಕವು. ಒಂದು ಫ್ರೇಮಿಗೆ ಎಂಟು ಕಡಿತಗಳಿರುತ್ತವೆ, ಪ್ರತಿಯೊಂದರಲ್ಲಿ ಕಾಲು ಡಿಗ್ರಿ ಒಂದೇ ಕಡೆಗೆ ತಪ್ಪಿದರೂ ಕೊನೆಯ ಮೂಲೆಯಲ್ಲಿ ಎರಡು ಡಿಗ್ರಿಯ ಸಂದು ಬಾಯಿಬಿಡುತ್ತದೆ. ಮರ ಜಾರದೆ ನಿಂತರೆ ಮಾತ್ರ ಅಳತೆ ನಿಲ್ಲುತ್ತದೆ.

ಹಲ್ಲಿನ ಎಣಿಕೆಯಲ್ಲಿ 60 ನನ್ನ ಕೆಲಸಕ್ಕೆ ಒಪ್ಪಿದೆ. ಬರೀ ಫ್ರೇಮಿನ ಪಟ್ಟಿ ಮತ್ತು ಲ್ಯಾಮಿನೇಟ್ ಕತ್ತರಿಸುವವರು 80ಕ್ಕೆ ಹೋಗಬಹುದು, ಆದರೆ 50 ಮಿ.ಮೀ. ದಪ್ಪದ ತೇಗಕ್ಕೆ ಅದನ್ನು ಹಾಕಿದರೆ ಹಲ್ಲುಗಳ ನಡುವಿನ ಕಿರಿದಾದ ಎಡೆಯಲ್ಲಿ ಹೊಟ್ಟು ತುಂಬಿ ಕಡಿದ ಮುಖ ಸುಟ್ಟು ಕಪ್ಪಾಗುತ್ತದೆ. ಅಲ್ಯೂಮಿನಿಯಂಗೆ ಟಿಸಿಜಿ (ಚಪ್ಪಟೆ ಹಲ್ಲು ಮತ್ತು ಮೂಲೆ ಕತ್ತರಿಸಿದ ಹಲ್ಲು ಸರದಿಯಲ್ಲಿ ಬರುವ ಬಗೆ) ಎಂದು ಅಚ್ಚಾದ ಬೇರೆಯೇ ಬ್ಲೇಡ್ ಬೇಕು.

ತೇಗದಲ್ಲಿ ಸಿಲಿಕಾ ಅಂಶವಿರುವುದರಿಂದ ಅದು ಹರಿತವನ್ನು ಬೇಗ ತಿನ್ನುತ್ತದೆ. ಈ ಎರಡು ವರ್ಷದಲ್ಲಿ ಎರಡು ಸಲ ಸಾಣೆ ಹಿಡಿಸಿದ್ದೇನೆ. ಮೊದಲ ಸಲ ಕೊಟ್ಟ ಅಂಗಡಿಯಲ್ಲಿ ಎಲ್ಲ ಹಲ್ಲನ್ನೂ ಚಪ್ಪಟೆಯಾಗಿ ಉಜ್ಜಿಬಿಟ್ಟಿದ್ದರು. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಓರೆಯಾಗಿದ್ದರೆ ಮಾತ್ರ ನಾರನ್ನು ಎರಡು ಅಂಚಿನಲ್ಲೂ ಚೂರಿಯಂತೆ ಕೊಯ್ಯುತ್ತದೆ. ಆ ಓರೆ ಹೋದ ಮೇಲೆ ಪ್ಲೈವುಡ್ಡಿನ ಮೇಲ್ಪದರ ಸಿಬಿರೇಳತೊಡಗಿತು. ಎರಡನೆಯ ಸಲ ಮೂಲದ ಓರೆಯನ್ನು ಅಳತೆಯೊಂದಿಗೆ ಕಾಗದದಲ್ಲಿ ಬರೆದುಕೊಟ್ಟೆ, ಮೊದಲಿನ ನಯ ಮರಳಿತು. ಹಳೆಯ ಮನೆಯ ತೊಲೆಯಲ್ಲಿ ಅಡಗಿದ್ದ ಮೊಳೆಯೊಂದು ತಾಗಿ ಮುರಿದ ಕಾರ್ಬೈಡ್ ತುದಿಯನ್ನೂ ಆಗಲೇ ಹೊಸದಾಗಿ ಬೆಸೆಸಿದೆ. ಮೊಂಡಾಯಿತೆಂದುಕೊಂಡ ಬ್ಲೇಡ್ ಎಷ್ಟೋ ಸಲ ಮರದ ಅಂಟು ಹತ್ತಿದ್ದಷ್ಟೇ ಆಗಿರುತ್ತದೆ: ಪಾತ್ರೆ ತೊಳೆಯುವ ದ್ರವ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಒರೆಸಿ ಒಣಗಿಸುತ್ತೇನೆ.

ಅಂಗಡಿಗೆ ಹೋಗುವ ಮುನ್ನ ಯಂತ್ರದ ದಂಡದ ಅಳತೆ ನೋಡಿಕೊಳ್ಳಿ, ಏಕೆಂದರೆ ನಡುವಿನ ತೂತು 25.4 ಮತ್ತು 30 ಮಿ.ಮೀ. ಎರಡರಲ್ಲೂ ಬರುತ್ತದೆ. ಸಡಿಲವಾದ ತೂತಿಗೆ ಸರಿಯಾದ ಉಂಗುರವಿಲ್ಲದೆ ಬಿಗಿದರೆ ಬ್ಲೇಡ್ ಓಲಾಡುತ್ತದೆ. ಬ್ಲೇಡಿನ ಮೇಲಿನ ಗರಿಷ್ಠ ಸುತ್ತುಗಳ ಸಂಖ್ಯೆ ಯಂತ್ರದ್ದಕ್ಕಿಂತ ಕಡಿಮೆಯಿದ್ದರೆ ಅದನ್ನು ಮುಟ್ಟಲೇಬೇಡಿ. ಬದಲಿಸುವಾಗ ಪ್ಲಗ್ ಕಿತ್ತಿಡಿ. ನನ್ನ ಯಂತ್ರದಲ್ಲಿ ಬೋಲ್ಟಿನ ತಿರುಪು ಎಡಗಡೆಯದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.