ಮುಂಬೈ ಮನೆಗೆ ಕನ್ನಡ ಓಟಿಟಿ: ನಾಲ್ಕು ಚಿತ್ರ, ಒಂದು ಸರಣಿ, ಒಂದಿಷ್ಟು ರಿಮೋಟ್ ಕೆಲಸ

ಡೊಂಬಿವಲಿ, ಮುಲುಂಡ್, ಥಾಣೆ ಕಡೆಯ ಕನ್ನಡ ಮನೆಗಳಲ್ಲಿ ಆಗಾಗ ಕೇಳಿಬರುವ ದೂರು: ‘ಕಾಂತಾರ’ ಹಾಕಿದರೆ ಶಿವ ಹಿಂದಿ ಮಾತಾಡ್ತಾನೆ. ರಿಮೋಟಿನ ತಪ್ಪಲ್ಲ. 2022ರ ಆ ಚಿತ್ರದ ಹಿಂದಿ ಆವೃತ್ತಿ ನೆಟ್‌ಫ್ಲಿಕ್ಸ್‌ಗೆ ಹೋಯಿತು, ಕನ್ನಡದ್ದು ಪ್ರೈಮ್‌ಗೆ. ಹಕ್ಕುಗಳನ್ನು ಭಾಷೆಗೊಂದರಂತೆ ಬೇರೆ ಬೇರೆ ಮಾರುವುದೂ ಉಂಟು. ಆದ್ದರಿಂದ ಯಾವ ಚಿತ್ರವಾದರೂ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಆಡಿಯೋ–ಸಬ್‌ಟೈಟಲ್ ಮೆನು ತೆರೆಯಿರಿ. ಪಟ್ಟಿಯಲ್ಲಿ ಕನ್ನಡ ಇದ್ದರೆ ಆರಿಸಿ. ಇಲ್ಲವೆಂದರೆ ಸೆಟ್ಟಿಂಗ್ಸ್ ಜಾಲಾಡುತ್ತ ಕೂರಬೇಡಿ, ಬೇರೆ ಆ್ಯಪ್‌ನಲ್ಲಿ ಹುಡುಕಿ. ಕನ್ನಡ ಅಷ್ಟಕ್ಕಷ್ಟೇ ಬರುವ ಮಕ್ಕಳಿಗೂ ಡಬ್ಬಿಂಗ್ ಬೇಡ. ಮೂಲ ಧ್ವನಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಡಿ.

ಮೊದಲು ನೋಡಬೇಕಾದ್ದು ‘ಉಳಿದವರು ಕಂಡಂತೆ’ (2014). ಅಷ್ಟಮಿ ಹೊತ್ತಿನ ಮಲ್ಪೆ, ಹುಲಿವೇಷ, ದೋಣಿಗಳು. ಚಿಕ್ಕಂದಿನಲ್ಲಿ ಊರು ಬಿಟ್ಟು ಮುಂಬೈ ಸೇರಿದ್ದ ರಾಘು ಎಷ್ಟೋ ವರ್ಷದ ಮೇಲೆ ತಾಯಿ ರತ್ನಕ್ಕನನ್ನು ಹುಡುಕಿಕೊಂಡು ಬರುತ್ತಾನೆ. ಮಗನನ್ನು ಮತ್ತೆ ಕಂಡ ತಾಯಿಯಾಗಿ ತಾರಾ ಇಲ್ಲಿ ಮಾಡಿರುವುದು ಅಬ್ಬರವಿಲ್ಲದ ಅಭಿನಯ. ಮುಂಬೈಯಿಂದ ವರ್ಷಕ್ಕೊಮ್ಮೆ ಉಡುಪಿ ಬಸ್ಸು ಹತ್ತುವವರಿಗೆ ಆ ಭಾಗ ಒಂದೇ ಸಾಕು. ಆದರೆ ಒಂದೇ ಘಟನೆಯನ್ನು ಒಬ್ಬೊಬ್ಬರ ಬಾಯಲ್ಲಿ ಹೇಳಿಸುವ ಕಥೆ ಇದು. ನಡುವೆ ಚಹಾ ಇಡಲು ಎದ್ದು ಹೋದರೆ ಎಳೆ ತಪ್ಪುತ್ತದೆ. ಎರಡೂವರೆ ಗಂಟೆ ಮೀರಿದ ಉದ್ದ, ನಡಿಗೆ ನಿಧಾನ. ಲೋಕಲ್‌ನಲ್ಲಿ ತುಂಡು ತುಂಡಾಗಿ ನೋಡುವ ಚಿತ್ರವಂತೂ ಅಲ್ಲ.

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಹೆಸರೇ ಕಾಣೆಯಾದವರ ಪ್ರಕಟಣೆಯ ಭಾಷೆ. ಮರೆವಿನ ಕಾಯಿಲೆಯ ವೆಂಕೋಬರಾಯರು ಕಳೆದುಹೋಗುತ್ತಾರೆ, ಕೆಲಸವೇ ಬದುಕಾಗಿರುವ ಮಗ ಹುಡುಕುತ್ತಾನೆ. ಅನಂತ್ ನಾಗ್ (ಇವರು ರಂಗಭೂಮಿಯಲ್ಲಿ ಪಳಗಿದ್ದು ಮುಂಬೈಯಲ್ಲೇ) ಎಲ್ಲೂ ಕಣ್ಣೀರಿಗಾಗಿ ಆಡುವುದಿಲ್ಲ. ಕೊಲೆಗಾರರ ಉಪಕಥೆ ಮಾತ್ರ ಸ್ವಲ್ಪ ಎಳೆದಾಟ. ಅಪ್ಪ-ಅಮ್ಮ ಜತೆಗಿದ್ದರೆ ಒಟ್ಟಿಗೆ ನೋಡಬಹುದು.

‘ಮಿಥ್ಯ’ (2025) ಇದಕ್ಕೆ ತಿರುವುಮುರುವು: ತಂದೆ-ತಾಯಿಯನ್ನು ಕಳೆದುಕೊಂಡ ಹುಡುಗ ಮುಂಬೈಯಿಂದ ಉಡುಪಿಯ ನೆಂಟರ ಮನೆಗೆ ಬರುತ್ತಾನೆ. ಮಾತು ಕಡಿಮೆ. ಹತ್ತು ವರ್ಷದೊಳಗಿನವರಿಗೆ ಬೇಸರವಾದೀತು.

‘ತಿಥಿ’ ಮಂಡ್ಯ ಸೀಮೆಯದು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ಥಿಯೇಟರಿಗೆ ಬಂತು. 101 ವರ್ಷದ ಸೆಂಚುರಿ ಗೌಡ ದಾರಿಹೋಕರಿಗೆಲ್ಲ ಬೈಯುತ್ತ ಕೂತವನು ಶುರುವಿನಲ್ಲೇ ತೀರಿಹೋಗುತ್ತಾನೆ. ಹನ್ನೊಂದನೇ ದಿನದ ತಿಥಿಯೊಳಗೆ ಜಮೀನು ಮಾರಬೇಕೆಂದು ಮೊಮ್ಮಗ ತಮ್ಮಣ್ಣ ಒದ್ದಾಡುತ್ತಾನೆ. ಗೌಡನ ಮಗ ಗಡ್ಡಪ್ಪನಿಗೆ ಇದ್ಯಾವುದೂ ಬೇಡ, ಬ್ರಾಂದಿ ಬಾಟಲಿ ಹಿಡಿದು ಹೊಲದಲ್ಲಿ ನಡೆಯುತ್ತಿದ್ದರಾಯಿತು. ನಟಿಸಿದವರು ಅಲ್ಲಿನ ಹಳ್ಳಿಗರೇ. ಬೈಗುಳದ ರುಚಿ ಸಬ್‌ಟೈಟಲಿನಲ್ಲಿ ಅರ್ಧವೂ ಉಳಿದಿಲ್ಲ; ಮಕ್ಕಳು ಮಲಗಿದ ಮೇಲೆ ಹಾಕುವುದು ಒಳ್ಳೆಯದು. ಹುಡುಕುವಾಗ ಇಂಗ್ಲಿಷಿನಲ್ಲಿ ಎರಡೂ ‘ಟಿ’ ಪಕ್ಕ ‘ಎಚ್’ ಸೇರಿಸಿ (Thithi) ಹೊಡೆಯಿರಿ, ಹೆಸರು ನೋಂದಾಯಿಸಿರುವುದು ಹಾಗೆ.

ಸರಣಿ ಬೇಕೆಂದರೆ ‘ಏಕಂ’ (2024). ಏಳು ಕಂತು, ಕಂತಿಗೊಂದು ಕರಾವಳಿ ಕಥೆ. ಕೊಳ್ಳುವ ಓಟಿಟಿ ಸಿಗದೆ ತಯಾರಕರು ತಮ್ಮದೇ ವೆಬ್‌ಸೈಟಿನಲ್ಲಿ ಬಿಟ್ಟರು. ಹಾಗಾಗಿ ಟೀವಿ ಆ್ಯಪ್‌ಗಳಲ್ಲಿ ತಡಕಾಡುವ ಬದಲು ಫೋನಿನ ಬ್ರೌಸರ್‌ನಲ್ಲಿ ಹುಡುಕಿ.

ಡೇಟಾ ವಿಷಯ: ನೆಟ್‌ಫ್ಲಿಕ್ಸ್‌ನಲ್ಲಿ ಎಚ್‌ಡಿ ಗಂಟೆಗೆ 3 ಜಿಬಿ ತನಕ ತಿನ್ನುತ್ತದೆ, ಸಾಧಾರಣ ಗುಣಮಟ್ಟ 1 ಜಿಬಿ. ಪ್ರಯಾಣಕ್ಕೆ ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಪ್ರೈಮ್‌ನಲ್ಲಿ ಬಾಡಿಗೆಗೆ ತೆಗೆದರೆ ಶುರು ಮಾಡಲು ಸಾಮಾನ್ಯವಾಗಿ 30 ದಿನ ಸಿಗುತ್ತದೆ, ಒಮ್ಮೆ ಪ್ಲೇ ಒತ್ತಿದ ಮೇಲೆ ಬರೀ 48 ಗಂಟೆ. ಶುಕ್ರವಾರ ರಾತ್ರಿ ಹತ್ತು ನಿಮಿಷ ನೋಡಿ ಮಲಗಿದವರಿಗೆ ಭಾನುವಾರ ರಾತ್ರಿ ಅದೇ ಹೊತ್ತಿಗೆ ಅದು ಮಾಯ.