ಕುಡಿತದ ಬಗ್ಗೆ ರೋಗಿಯ ಹತ್ತಿರ ಮಾತಾಡುವ ತರಬೇತಿ: ಕಾಸರಗೋಡಿನಲ್ಲಿ ಹೋಗಿ ಬಂದವಳ ಅಭಿಪ್ರಾಯ

ಕಾಸರಗೋಡಿನಲ್ಲಿ ನರ್ಸ್‌ಗಳಿಗೆ, ಹೆಲ್ತ್ ಇನ್‌ಸ್ಪೆಕ್ಟರುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಅಂತ ನಡೆಸಿದ ಎರಡು ದಿನದ ತರಬೇತಿ ಇದು. ಒಪಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ, ಬಂದವರ ಹತ್ತಿರ ಐದರಿಂದ ಹದಿನೈದು ನಿಮಿಷ ಮಾತಾಡಿ ಕುಡಿತ ಕಡಿಮೆ ಮಾಡಲು ಸಹಾಯ ಮಾಡುವುದು ಹೇಗೆ ಅಂತ ಕಲಿಸುತ್ತಾರೆ. ಅವಕಾಶ ಸಿಕ್ಕಿದರೆ ಖಂಡಿತ ಹೋಗಿ. ಆದರೆ ಕೆಲವು ಕೊರತೆ ಇದೆ, ಒಂದಂತೂ ಸಣ್ಣದಲ್ಲ.

ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅಭ್ಯಾಸದ ಭಾಗ. ಒಬ್ಬರು ರೋಗಿ, ಒಬ್ಬರು ನರ್ಸ್, ಮೂರನೆಯವರು ಸುಮ್ನೆ ಕೂತು ಗಮನಿಸಬೇಕು. ನಮ್ಮ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಏನು? "ಮಕ್ಕಳ ಮುಖ ನೋಡಿಯಾದರೂ ಬಿಡಿ ಮಾರಾಯ್ರೆ" ಅಂತ ಬೈಯುತ್ತೇವೆ, ಅವರು "ಆಯ್ತು ಸಿಸ್ಟರ್" ಅನ್ನುತ್ತಾರೆ, ಮುಂದಿನ ತಿಂಗಳು ಬಿಪಿ ಮಾತ್ರೆಗೂ ಬರುವುದಿಲ್ಲ. ಇಲ್ಲಿ ಹೇಳಿಕೊಟ್ಟದ್ದು ಬೇರೆ: "ಅಣ್ಣಾ, ಕುಡಿಯುವ ವಿಷಯ ಸ್ವಲ್ಪ ಕೇಳಬಹುದಾ?" ಅಂತ ಮೊದಲು ಒಪ್ಪಿಗೆ ಕೇಳಿ, ಆಮೇಲೆ ಅವರು ಮಾತಾಡುವ ತನಕ ಕಾಯಿರಿ. ಕಡಿಮೆ ಮಾಡಿದರೆ ಏನು ಒಳ್ಳೆಯದು ಅನ್ನುವುದು ಅವರ ಬಾಯಿಂದಲೇ ಬರಲಿ. ಮನಃಶಾಸ್ತ್ರಜ್ಞರಾದ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಬೆಳೆಸಿದ ಪದ್ಧತಿ ಇದು. ಕೇಳಲು ಸುಲಭ, ಮಾಡಲು ಕಷ್ಟ, ಅದಕ್ಕೇ ಅಭ್ಯಾಸಕ್ಕೆ ಅಷ್ಟು ಹೊತ್ತು ಕೊಟ್ಟದ್ದು ಸರಿ ಅನಿಸಿತು.

ಕುಡಿತ ಎಷ್ಟು ಅಪಾಯದ ಮಟ್ಟದಲ್ಲಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಪ್ರಶ್ನಾವಳಿಯನ್ನೂ ಕಲಿಸಿದರು. 10 ಪ್ರಶ್ನೆ, 40 ಅಂಕ. 8ರಿಂದ 15 ಬಂದರೆ ಸಲಹೆ ಕೊಡಬೇಕು, 16ರಿಂದ 19 ಬಂದರೆ ಕೂತು ಮಾತಾಡಿ ಮತ್ತೆ ಮತ್ತೆ ವಿಚಾರಿಸಬೇಕು, 20 ಅಥವಾ ಹೆಚ್ಚು ಬಂದರೆ ಡಾಕ್ಟರ ಹತ್ತಿರ ಕಳಿಸಬೇಕು. ಒಂದು ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್, ಸುಮಾರು 30 ಮಿ.ಲೀ. ಬ್ರಾಂದಿ. ಹಾಗೆ ಲೆಕ್ಕ ಹಾಕಿದರೆ 180 ಮಿ.ಲೀ.ಯ ಒಂದು ಕ್ವಾರ್ಟರ್‌ಗೆ ಆರು ಡ್ರಿಂಕ್, 650 ಮಿ.ಲೀ. ಸ್ಟ್ರಾಂಗ್ ಬಿಯರ್‌ಗೆ ನಾಲ್ಕು, ಗಡಿ ಆಚೆ ಕರ್ನಾಟಕದಿಂದ ಬರುವ 90 ಮಿ.ಲೀ. ಮದ್ಯದ ಪ್ಯಾಕೆಟ್‌ಗೆ ಮೂರು. "ದಿನಕ್ಕೆ ಎರಡೇ ಪ್ಯಾಕೆಟ್" ಅನ್ನುವವರ ಎದುರು ಈ ಲೆಕ್ಕ ಇಟ್ಟರೆ ಅವರೇ ಯೋಚನೆ ಮಾಡುತ್ತಾರೆ. ಕಳ್ಳಿನ ಲೆಕ್ಕ ಮಾತ್ರ ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅದನ್ನು ಬಿಟ್ಟು ಮಾತಾಡಿದರೆ ಹೇಗೆ?

ತರಬೇತುದಾರರು ದೊಡ್ಡ ಭರವಸೆ ಏನೂ ಕೊಡಲಿಲ್ಲ, ಅದು ನನಗೆ ಇಷ್ಟ ಆಯಿತು. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ಕಾಕ್ರೇನ್ ವಿಮರ್ಶೆಯಲ್ಲಿ ಇಂಥ ಮಾತುಕತೆ ಸಿಕ್ಕಿದವರು, ಸಿಗದವರಿಗಿಂತ, ಒಂದು ವರ್ಷದ ನಂತರ ವಾರಕ್ಕೆ ಸರಾಸರಿ 20 ಗ್ರಾಂ ಕಡಿಮೆ ಕುಡಿಯುತ್ತಿದ್ದರು, ಅಂದರೆ ಎರಡು ಡ್ರಿಂಕ್. ಆ ಅಧ್ಯಯನಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳದ್ದು ಅಂತಲೂ ಹೇಳಿದರು. ಕಡಿಮೆ ಅನಿಸಬಹುದು. ಆದರೆ ಖರ್ಚಿಲ್ಲದ ಹತ್ತು ನಿಮಿಷಕ್ಕೆ, ಇಷ್ಟು ಜನ ಬರುವ ಒಪಿಯಲ್ಲಿ, ನನಗೆ ಅದು ತುಂಬಾ ಜಾಸ್ತಿ.

ಈಗ ದೊಡ್ಡ ಕೊರತೆ. ಹಲವು ವರ್ಷ ದಿನವೂ ಕುಡಿದು, ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರಿಗೆ "ನಾಳೆಯಿಂದಲೇ ಬಿಡಿ" ಅನ್ನಬಾರದು. ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ, ಜ್ವರ, ಗಾಬರಿ ಶುರುವಾಗಿ ಜೀವಕ್ಕೇ ಅಪಾಯ ಆಗಬಹುದು. ಇಂಥವರಿಗೆ ಮಾತುಕತೆ ಒಂದೇ ಸಾಲದು, ಡಾಕ್ಟರ ಉಸ್ತುವಾರಿ ಬೇಕು. ಈ ವಿಷಯವನ್ನು ಎರಡನೇ ದಿನ ಸಂಜೆ, ಎಲ್ಲರೂ ಬಸ್ಸಿನ ಸಮಯ ನೋಡುತ್ತಿದ್ದಾಗ ಗಡಿಬಿಡಿಯಲ್ಲಿ ಮುಗಿಸಿದರು. ಮೊದಲ ದಿನ ಬೆಳಿಗ್ಗೆಯೇ ಹೇಳಬೇಕಾದ ಪಾಠ ಅದು. ಮನೆಮನೆಗೆ ಹೋಗುವ ಆಶಾ ಅಕ್ಕಂದಿರಿಗೆ ಇದು ಗೊತ್ತಿಲ್ಲದಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಅನಾಹುತ ಆಗುತ್ತದೆ.

ಕೈಪಿಡಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಪೆರ್ಲ, ಬದಿಯಡ್ಕ, ವರ್ಕಾಡಿ ಕಡೆಯ ಮನೆಗಳಲ್ಲಿ ತುಳು, ಕನ್ನಡ ಮಾತಾಡುವವರಿಗೆ ಆ ಹಾಳೆ ಕೊಟ್ಟು ಏನು ಮಾಡುವುದು? ಎಲ್ಲಿಗೆ ಕಳಿಸಬೇಕು ಅನ್ನುವ ಪಟ್ಟಿಯಲ್ಲಿ ಇದ್ದದ್ದೂ ಕೇರಳದ ಆಸ್ಪತ್ರೆಗಳಷ್ಟೇ. ಮಂಜೇಶ್ವರದವರಿಗೆ ಮಂಗಳೂರೇ ಹತ್ತಿರ, ಅಲ್ವಾ? ವ್ಯಸನ ಬಿಡಿಸುವ 14446 ಸಹಾಯವಾಣಿಯ ನಂಬರನ್ನೂ ಯಾರೋ ಕೇಳಿದ ಮೇಲೆ ಬೋರ್ಡಿನಲ್ಲಿ ಬರೆದರು.

ಊಟ, ಹಾಲ್ ಎಲ್ಲ ಚೆನ್ನಾಗಿತ್ತು. ಹೋಗುವವರು ಮೊದಲೇ ಫೋನ್ ಮಾಡಿ ಕನ್ನಡದ ಆಡಿಟ್ ಹಾಳೆ ಇಡಲು ಹೇಳಿ, ಕೈ ನಡುಗುವ ರೋಗಿಗಳ ವಿಷಯ ಮೊದಲ ದಿನವೇ ತೆಗೆದುಕೊಳ್ಳಿ ಅಂತ ಒತ್ತಾಯ ಮಾಡಿ. ನಾನು ಅಭಿಪ್ರಾಯದ ಫಾರ್ಮಿನಲ್ಲಿ ಎರಡನ್ನೂ ಬರೆದು ಕೊಟ್ಟಿದ್ದೇನೆ.