ಆಟದ ಪೂರ್ವಕಥೆಗೆ ಚಿತ್ರ ಬರೆಯುವವರಿಗೆ ಕೊಡಗಿನಿಂದ ಒಂದು ಎಚ್ಚರಿಕೆ

ವಿಡಿಯೋ ಗೇಮ್ ತಯಾರಿಸುವವರು ಯಾರಾದರೂ ನಿಮ್ಮ ಬಳಿ ಬಂದು, ತಮ್ಮ ಆಟದ ಕಥೆಗಿಂತ ಹಿಂದೆ ನಡೆದದ್ದನ್ನು ಹೇಳುವ ಕಾಮಿಕ್ಸ್ ಪುಸ್ತಕವೊಂದನ್ನು ಮಾಡಿಕೊಡಿ ಎಂದು ಕೇಳಿದರೆ, ಆ ಆಟದ ಕಥೆ ಮುಗಿದಿದೆಯೇ ಮತ್ತು ನೀವು ಹೊಸದಾಗಿ ಸೃಷ್ಟಿಸುವ ಪಾತ್ರಗಳು ಯಾರಿಗೆ ಸೇರುತ್ತವೆ ಎಂಬ ಎರಡು ಸಂಗತಿಗಳು ಕಾಗದದ ಮೇಲೆ ಸ್ಪಷ್ಟವಾಗುವ ತನಕ ಒಂದು ಗೆರೆಯನ್ನೂ ಎಳೆಯಬೇಡಿ. ನಾನು ಎಳೆದೆ. 48 ಪುಟ ಎಳೆದೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಎರಡೆರಡು ಸಲ ಎಳೆದೆ. ಕೈಗೆ ಬಂದದ್ದು ಮುಂಗಡದ 20,000 ರೂಪಾಯಿ ಮಾತ್ರ.

ನಮ್ಮ ಮನೆ ಭಾಗಮಂಡಲದ ಕಡೆ. ಮಡಿಕೇರಿ ದಸರಾದ ದಶಮಂಟಪಗಳಲ್ಲಿ, ಅಂದರೆ ಕದಲುವ ಮೂರ್ತಿಗಳಿಂದ ಪುರಾಣದ ಕಥೆ ತೋರಿಸುತ್ತ ಮೆರವಣಿಗೆಯಲ್ಲಿ ಸಾಗುವ ಹತ್ತು ಮಂಟಪಗಳಲ್ಲಿ, ಒಂದೆರಡಕ್ಕೆ ಕಥಾವಸ್ತುವಿನ ಕರಡು ಚಿತ್ರಗಳನ್ನು ಬರೆದುಕೊಡುವುದು ನನಗೆ ಹಲವು ವರ್ಷಗಳ ಅಭ್ಯಾಸ. ಪುರಾಣದ ಒಂದು ಪ್ರಸಂಗವನ್ನು ಹಿಡಿದು, ಯಾವ ಮೂರ್ತಿ ಮೊದಲು ಕದಲಬೇಕು, ಬೆಳಕು ಎಲ್ಲಿ ಬೀಳಬೇಕು, ರಾಕ್ಷಸ ಯಾವ ಕ್ಷಣದಲ್ಲಿ ಉರುಳಬೇಕು ಎಂಬುದನ್ನು ಹತ್ತು ಹನ್ನೆರಡು ಹಾಳೆಗಳಲ್ಲಿ ತೋರಿಸುವ ಕೆಲಸ ಅದು. ಬೆಂಗಳೂರಿನ ಒಂದು ಸಣ್ಣ ಗೇಮ್ ಕಂಪನಿಯವರು ನನ್ನನ್ನು ಹುಡುಕಿಕೊಂಡು ಬಂದದ್ದು ಈ ಹಾಳೆಗಳನ್ನು ನೋಡಿಯೇ. ಅವರು ಕಾವೇರಿಯ ಕಥೆಯನ್ನು ಆಧರಿಸಿ ಆಟ ಮಾಡುತ್ತಿದ್ದರು. ಪುಟಕ್ಕೆ 2,500 ರೂಪಾಯಿಯಂತೆ 1,20,000 ರೂಪಾಯಿ ಎಂದರು. ಮಂಟಪದ ಸಮಿತಿಯವರ ಜೊತೆ ಬಾಯಿಮಾತಿನಲ್ಲೇ ವ್ಯವಹಾರ ಮಾಡಿ ರೂಢಿಯಾಗಿದ್ದ ನನಗೆ, ಅವರು ಎರಡು ಹಾಳೆಯ ಒಪ್ಪಂದಪತ್ರವನ್ನು ಕಳುಹಿಸಿದ್ದೇ ದೊಡ್ಡ ಮರ್ಯಾದೆಯಾಗಿ ಕಂಡಿತು. ಓದದೆ ಸಹಿ ಹಾಕಿದೆನೆಂದು ಹೇಳಲಾರೆ. ಓದಿದೆ, ಅರ್ಥವಾಯಿತೆಂದು ಅಂದುಕೊಂಡು ಸಹಿ ಹಾಕಿದೆ.

ಕಾವೇರಿಯ ಕಥೆ ಇಲ್ಲಿನವರಿಗೆ ಹೊಸದಲ್ಲ. ಬ್ರಹ್ಮಗಿರಿಯಲ್ಲಿ ಕವೇರ ಮುನಿ ತಪಸ್ಸು ಮಾಡಿದ್ದು, ಬ್ರಹ್ಮ ತನ್ನ ಮಗಳು ಲೋಪಾಮುದ್ರೆಯನ್ನು ಅವನಿಗೆ ಕೊಟ್ಟದ್ದು, ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದೆಂಬ ಷರತ್ತಿನ ಮೇಲೆ ಅವಳು ಅಗಸ್ತ್ಯನ ಕೈಹಿಡಿದದ್ದು, ಅವನು ಅವಳನ್ನು ಕಮಂಡಲುವಿನಲ್ಲಿ ಇರಿಸಿ ಸ್ನಾನಕ್ಕೆ ಹೋದಾಗ ಅವಳು ನದಿಯಾಗಿ ಹೊರಟದ್ದು, ಗಣಪತಿ ಕಾಗೆಯ ರೂಪದಲ್ಲಿ ಬಂದು ಕಮಂಡಲುವನ್ನು ಉರುಳಿಸಿದನೆಂಬ ಮತ್ತೊಂದು ಹೇಳಿಕೆ, ಇವೆಲ್ಲವೂ ನಾವು ಹಿರಿಯರ ಬಾಯಿಂದ ಕೇಳಿದವೇ. ಆಟವು ಕಮಂಡಲು ಉರುಳಿದ ಗಳಿಗೆಯಿಂದ ಆರಂಭವಾಗುತ್ತದೆ, ಅದಕ್ಕೆ ಮೊದಲಿನದ್ದೆಲ್ಲ ನಿಮ್ಮ ಪುಸ್ತಕಕ್ಕೆ ಎಂದು ಅವರು ಹೇಳಿದ್ದರು.

ಪೂರ್ವಕಥೆ ಬರೆಯುವವನಿಗೆ ಹುಟ್ಟುವ ಪ್ರಶ್ನೆಗಳೇ ಬೇರೆ. ಪುರಾಣ ಯಾವುದನ್ನು ಹೇಳದೆ ಮುಂದೆ ಹೋಗಿದೆಯೋ ಅಲ್ಲಿ ಅವನ ಜಾಗವಿರುತ್ತದೆ. ನನಗೆ ಮೊದಲು ಹೊಳೆದದ್ದು ಆ ಕಮಂಡಲು ಎಲ್ಲಿಂದ ಬಂತು ಎಂಬ ಪ್ರಶ್ನೆ. ಒಣಗಿದ ಸೋರೆಯ ಬುರುಡೆಯಿಂದ ಮಾಡಿದ್ದೆಂದು ಇಟ್ಟುಕೊಂಡರೆ, ಆ ಸೋರೆಬಳ್ಳಿಯನ್ನು ಯಾರೋ ನೆಟ್ಟಿರಬೇಕು, ನೀರು ಹಾಕಿರಬೇಕು, ಕಾಯಿ ಬಲಿಯುವ ತನಕ ಕಾದಿರಬೇಕು. ಹಾಗೆ ಹುಟ್ಟಿದವಳು ಬಳ್ಳಿ ಎಂಬ ಹತ್ತು ವರ್ಷದ ಹುಡುಗಿ. ಒಂದು ನದಿಯನ್ನೇ ಹಿಡಿದಿಡಲಿರುವ ಪಾತ್ರೆಯನ್ನು ತಾನು ಬೆಳೆಸುತ್ತಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಈ ಹುಡುಗಿ ಯಾವ ಪುರಾಣದಲ್ಲೂ ಇಲ್ಲ. ಅವಳ ಮುಖ, ಮಾತು, ಎಡಗಾಲನ್ನು ಸ್ವಲ್ಪ ಎಳೆದು ನಡೆಯುವ ರೀತಿ, ಎಲ್ಲವೂ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಾನು ಮಾಡಿದ್ದು. ಅಪಾಯ ಬಂದದ್ದೂ ಅವಳಿಂದಲೇ.

ತೊಂದರೆ ಸೀರೆಯ ನೆರಿಗೆಯಿಂದ ಶುರುವಾಯಿತು. ಕೊಡಗಿನ ಹೆಂಗಸರು ನೆರಿಗೆಯನ್ನು ಹಿಂದಕ್ಕೆ ಬರುವಂತೆ ಸೀರೆ ಉಡುವುದಕ್ಕೆ ಇಲ್ಲಿ ಹೇಳುವ ಕಾರಣ ಎಲ್ಲರಿಗೂ ಗೊತ್ತು: ಹರಿದು ಹೊರಟ ಕಾವೇರಿಯನ್ನು ತಡೆಯಲೆಂದು ಬಲಮುರಿಯಲ್ಲಿ ಜನ ಅಡ್ಡ ನಿಂತಾಗ, ನೀರಿನ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತು. ಹಾಗಾದರೆ ನದಿ ಹುಟ್ಟುವುದಕ್ಕೆ ಮೊದಲು ನಡೆಯುವ ಕಥೆಯಲ್ಲಿ ನೆರಿಗೆ ಮುಂದೆಯೇ ಇರಬೇಕು. ಬಳ್ಳಿಯ ತಾಯಿಯನ್ನು ನಾನು ಹಾಗೆಯೇ ಬರೆದಿದ್ದೆ. ಕಂಪನಿಯವರು ಒಪ್ಪಲಿಲ್ಲ, ಹಿಂದಿನ ನೆರಿಗೆಯೇ ಕೊಡಗಿನ ಗುರುತು, ಅದಿಲ್ಲದಿದ್ದರೆ ಆಡುವವರಿಗೆ ಇದು ಯಾವ ಊರೆಂದೇ ತಿಳಿಯುವುದಿಲ್ಲ ಎಂದರು. ತಿದ್ದಿದ ಪುಟವನ್ನು ನಮ್ಮ ದೊಡ್ಡಮ್ಮ ನೋಡಿ, "ಹೊಳೆಯೇ ಇನ್ನೂ ಹುಟ್ಟಿಲ್ಲ, ನೆರಿಗೆಯನ್ನು ಹಿಂದೆ ತಳ್ಳಿದ್ದು ಯಾರು?" ಎಂದು ಕೇಳಿದರು. ಆ ಪ್ರಶ್ನೆಯನ್ನು ಹಾಗೆಯೇ ಕಂಪನಿಗೆ ಬರೆದು ಕಳುಹಿಸಿದೆ. ನಗುವ ಒಂದು ಚಿಹ್ನೆ ಮಾತ್ರ ಉತ್ತರವಾಗಿ ಬಂತು.

ಆಮೇಲೆ ಆಟದ ಕಥೆಯೇ ಅಲುಗಾಡತೊಡಗಿತು. ಪೂರ್ವಕಥೆಯ ಕೊನೆಯ ಪುಟವು ಆಟದ ಮೊದಲ ದೃಶ್ಯದ ಹೊಸ್ತಿಲಿಗೆ ಬಂದು ನಿಲ್ಲಬೇಕು. ಆ ಹೊಸ್ತಿಲು ಜಾಗ ಬದಲಿಸಿದರೆ ಪುಸ್ತಕವೇ ಕುಸಿಯುತ್ತದೆ. ಏಪ್ರಿಲ್‌ನಲ್ಲಿ ಅವರು ಆಟವನ್ನು ಅಗಸ್ತ್ಯರ ವಿವಾಹದಿಂದಲೇ ಆರಂಭಿಸುವುದೆಂದು ನಿರ್ಧರಿಸಿದರು. ಅದರಿಂದ, ಬಣ್ಣವನ್ನೂ ತುಂಬಿ ಮುಗಿಸಿದ್ದ ನನ್ನ ಹದಿನಾರು ಪುಟಗಳು ಆಟದೊಳಗಿನ ಕಥೆಯಾಗಿ, ಪುಸ್ತಕಕ್ಕೆ ಬೇಡವಾದವು. ಜೂನ್‌ನಲ್ಲಿ ಕಾಗೆಯನ್ನು ಕೈಬಿಟ್ಟರು. ಹಾರುವ ಹಕ್ಕಿಯ ಚಲನೆಯನ್ನು ಆಟದಲ್ಲಿ ಸರಿಯಾಗಿ ಮೂಡಿಸಲು ಆಗುತ್ತಿಲ್ಲ, ಅದರ ಬದಲು ಆನೆಯೊಂದು ಬಂದು ಕಮಂಡಲುವನ್ನು ಉರುಳಿಸಲಿ, ಹೇಗೂ ಗಣಪತಿಯದು ಆನೆಯ ಮುಖವಲ್ಲವೇ ಎಂದು ವಾದಿಸಿದರು. ಆ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲವೆಂಬುದನ್ನು ಇಂದಿಗೂ ಒಪ್ಪಿಕೊಳ್ಳುತ್ತೇನೆ. ಆದರೆ ಕಾಗೆಗಳಿಗೆ ಅನ್ನ ಹಾಕುವ ಬಳ್ಳಿಯ ಎಂಟು ಪುಟಗಳು ಅದರೊಂದಿಗೆ ಹೋದವು. ತಿದ್ದುಪಡಿಗೆ ಪ್ರತ್ಯೇಕ ಹಣವಿಲ್ಲವೆಂದು ಒಪ್ಪಂದದಲ್ಲಿ ಬರೆದಿತ್ತು. ಎಷ್ಟು ಸಲ ತಿದ್ದಬೇಕೆಂದು ಬರೆದಿರಲಿಲ್ಲ.

ಸಂಭಾಷಣೆಯ ಕೂಲಿಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ಇಂಗ್ಲಿಷ್ ಪಠ್ಯದ ಅಳತೆಗೆ ಮಾತಿನ ಗುಳ್ಳೆಗಳನ್ನು ಬರೆಸಿದ್ದರು. ಅದೇ ಗುಳ್ಳೆಗಳಿಗೆ ಕನ್ನಡ ತುಂಬಲು ಹೋದಾಗ, ಒತ್ತಕ್ಷರಗಳು ಕೆಳಗಿನ ಸಾಲಿನ ನೆತ್ತಿಗೆ ತಾಗಿ, ಸಾಲುಗಳ ನಡುವೆ ಜಾಗ ಬಿಟ್ಟರೆ ಮಾತು ಗುಳ್ಳೆಯಿಂದ ಹೊರಗೆ ಬಂದು, ಬಹುತೇಕ ಎಲ್ಲ ಗುಳ್ಳೆಗಳನ್ನೂ ದೊಡ್ಡದು ಮಾಡಿ, ಅವುಗಳ ಹಿಂದಿನ ಚಿತ್ರವನ್ನು ಸರಿಸಬೇಕಾಯಿತು. ಇದೆಲ್ಲ ನಡೆದದ್ದು ಜುಲೈಯಲ್ಲಿ. ಆ ತಿಂಗಳಿನಲ್ಲಿ ಭಾಗಮಂಡಲದ ಕಡೆ ಕರೆಂಟು ಮತ್ತು ನೆಟ್‌ವರ್ಕ್ ಎಷ್ಟರಮಟ್ಟಿಗೆ ಇರುತ್ತವೆಂದು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮಡಿಕೇರಿಗೆ ಹೋಗಿ ಕಳುಹಿಸಿದ ದಿನಗಳಿವೆ. ತಡವಾಯಿತೆಂಬ ಆಕ್ಷೇಪಣೆ ಆಗಲೂ ಬಂತು.

ಉಳಿದ ಹಣವನ್ನು "ಅಂತಿಮ ಒಪ್ಪಿಗೆಯ ನಂತರ" ಕೊಡುವುದೆಂದು ಒಪ್ಪಂದದಲ್ಲಿತ್ತು. ಈ ಮೂರು ಪದಗಳನ್ನು ಕಂಡರೆ ಅಲ್ಲಿಯೇ ನಿಲ್ಲಿ. ಆಟ ಬದಲಾಗುತ್ತಿರುವ ತನಕ ಅಂತಿಮ ಒಪ್ಪಿಗೆ ಎಂಬುದು ಬರುವುದೇ ಇಲ್ಲ. ಸೆಪ್ಟೆಂಬರ್‌ನಲ್ಲಿ, ಪುಸ್ತಕದ ಯೋಜನೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ, ಒಪ್ಪಿಗೆಯಾದ ಪುಟಗಳಿಲ್ಲದ ಕಾರಣ ಬಾಕಿಯೂ ಇಲ್ಲ ಎಂದು ನಾಲ್ಕು ಸಾಲಿನ ಇಮೇಲ್ ಬಂತು. ತುಲಾ ಸಂಕ್ರಮಣದ ದಿನ, ತಲಕಾವೇರಿಯ ತೀರ್ಥೋದ್ಭವಕ್ಕೆ ಜನ ಸೇರಿದ್ದಾಗಲೇ, ಅವರು ಆಟದ ಟೀಸರ್ ಬಿಡುಗಡೆ ಮಾಡಿದರು. ನಲವತ್ತು ಸೆಕೆಂಡಿನ ಆ ದೃಶ್ಯದಲ್ಲಿ ಹುಡುಗಿಯೊಬ್ಬಳು ಎಡಗಾಲನ್ನು ಸ್ವಲ್ಪ ಎಳೆದುಕೊಂಡು ಬಂದು ಸೋರೆಬಳ್ಳಿಗೆ ನೀರು ಹಾಕುತ್ತಾಳೆ.

ಮಡಿಕೇರಿಯ ವಕೀಲರೊಬ್ಬರ ಬಳಿ ಹೋದ ಮೇಲೆ ನನಗೆ ತಿಳಿದದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಸಹಿ ಹಾಕುವ ಮೊದಲು ಇದು ಗೊತ್ತಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ. ಪುರಾಣ ಯಾರ ಸ್ವತ್ತೂ ಅಲ್ಲ. ಹಳೆಯ ಸಂಗ್ರಹಗಳೂ ಬಹುಮಟ್ಟಿಗೆ ಮುಕ್ತ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ, ಕೊಡವರ ಹಾಡು ಮತ್ತು ಸಂಪ್ರದಾಯಗಳ ಸಂಗ್ರಹವಾದ ‘ಪಟ್ಟೋಲೆ ಪಳಮೆ’ಯಂಥ ಕೃತಿಯ ಮೇಲೆ, ಲೇಖಕರು ತೀರಿಕೊಂಡು 60 ವರ್ಷಗಳು ಎಂದೋ ಕಳೆದಿರುವುದರಿಂದ, ಈಗ ಕೃತಿಸ್ವಾಮ್ಯ ಉಳಿದಿಲ್ಲ. ಆದರೆ ಅಂಥ ಕೃತಿಗಳ ಈಚಿನ ಅನುವಾದಗಳಿಗೂ, ಪುರಾಣದ ಆಧಾರದ ಮೇಲೆ ಇಂದು ಹೊಸದಾಗಿ ಬರೆದ ಚಿತ್ರ ಮತ್ತು ಮಾತಿಗೂ ಸ್ವಾಮ್ಯವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಒಡೆಯ ಸಾಮಾನ್ಯವಾಗಿ ಅದನ್ನು ರಚಿಸಿದವನೇ. ಸಂಬಳದ ನೌಕರ ಕೆಲಸದ ಭಾಗವಾಗಿ ರಚಿಸಿದ್ದು ಮಾತ್ರ, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕನದು. ಚಿತ್ರ ಬರೆಯುವವರು ಇಲ್ಲಿ ಒಂದು ಮುಳ್ಳನ್ನು ಗಮನಿಸಬೇಕು. ಹಣ ಕೊಟ್ಟು ಬರೆಯಿಸಿಕೊಂಡ ವರ್ಣಚಿತ್ರ ಅಥವಾ ಭಾವಚಿತ್ರದ ವಿಷಯದಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಬರೆಯಿಸಿದವನನ್ನೇ ಮೊದಲ ಒಡೆಯನೆಂದು 17ನೆಯ ಕಲಂ ಹೇಳುತ್ತದೆ. ಕಾಮಿಕ್ಸ್ ಪುಟವನ್ನೂ ಆ ಗುಂಪಿಗೆ ಎಳೆಯಲು ಎದುರು ಪಕ್ಷದವರು ಪ್ರಯತ್ನಿಸಬಹುದು. ಆದ್ದರಿಂದ ನಾನು ಸಹಿಯನ್ನೇ ಹಾಕದೆ ಇದ್ದಿದ್ದರೂ ಸುರಕ್ಷಿತನಾಗಿರುತ್ತಿದ್ದೆನೆಂದು ಹೇಳಲಾಗದು. ಹಕ್ಕು ನನ್ನದೇ ಎಂದು ಬರೆಸಿಕೊಳ್ಳಬೇಕಾಗಿತ್ತು.

ನನ್ನ ಒಪ್ಪಂದದಲ್ಲಿದ್ದದ್ದು "ಈ ಕೆಲಸದಿಂದ ಹುಟ್ಟುವ ಎಲ್ಲ ಪಾತ್ರ, ಚಿತ್ರ ಮತ್ತು ಸಂಭಾಷಣೆ ಕಂಪನಿಗೆ ಸೇರಿದ್ದು" ಎಂಬ ಒಂದು ವಾಕ್ಯ. ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂದು ಬರೆದಿರಲಿಲ್ಲ. ಹಾಗೆ ಬರೆಯದಿದ್ದರೆ 19ನೆಯ ಕಲಂ ಪ್ರಕಾರ ಆ ವರ್ಗಾವಣೆ 5 ವರ್ಷಕ್ಕೆ ಮತ್ತು ಭಾರತದೊಳಕ್ಕೆ ಸೀಮಿತ. ಪ್ರಪಂಚದಾದ್ಯಂತ ಮಾರಲು ಹೊರಟ ಆಟಕ್ಕೆ ಇದು ಸಣ್ಣ ತೊಡಕಲ್ಲವೆಂದು ವಕೀಲರು ಹೇಳಿದಾಗ, ಅಷ್ಟು ತಿಂಗಳುಗಳಲ್ಲಿ ಮೊದಲ ಬಾರಿಗೆ ನನಗೆ ಹೊಟ್ಟೆತುಂಬ ಊಟ ಸೇರಿತು. ಹಕ್ಕನ್ನು ವರ್ಗಾಯಿಸಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ 57ನೆಯ ಕಲಂ ಪ್ರಕಾರ ಕರ್ತೃವಿಗೆ ಉಳಿಯುತ್ತದೆ. ವಕೀಲರ ಮೂಲಕ ಕಂಪನಿಗೆ ಕಳುಹಿಸಿದ ನೋಟಿಸಿನಲ್ಲಿ ಅದನ್ನೂ ಸೇರಿಸಿದೆವು. ಬಾಕಿಯ ವಿಷಯದಲ್ಲಿ ಮಾತ್ರ ನನ್ನದೇ ಅಲಕ್ಷ್ಯ ಅಡ್ಡ ಬಂತು. ಕೆಲಸಕ್ಕೆ ಮೊದಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಹೆಸರು ದಾಖಲು, ಮಾಡಿಸಿದ್ದರೆ, ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆನ್ನುವ 2006ರ ಕಾಯ್ದೆಯ ಬಲ ನನಗಿರುತ್ತಿತ್ತು. ಆ ನೋಂದಣಿಗೆ ಶುಲ್ಕವೂ ಇಲ್ಲ.

ಪುರಾವೆಯ ಕಥೆ ಬೇರೆ. ಬಳ್ಳಿಯ ಮೊಟ್ಟಮೊದಲ ಚಿತ್ರ ಕಾಫಿ ಮಾರಿದ ಚೀಟಿಯ ಹಿಂಬದಿಯಲ್ಲಿತ್ತು, ಚೀಟಿಯ ಮೇಲೆ ದಿನಾಂಕವೂ ಇತ್ತು. ಗೆದ್ದೆನೆಂದುಕೊಂಡು ಅದನ್ನು ವಕೀಲರಿಗೆ ಕೊಟ್ಟರೆ, ಚಿತ್ರ ಆ ದಿನಕ್ಕಿಂತ ಮೊದಲಿನದಲ್ಲ ಎಂದಷ್ಟೇ ಇದು ಸಾಬೀತು ಮಾಡುತ್ತದೆ ಎಂದು ನಕ್ಕರು. ಕೊನೆಗೆ ನೆರವಿಗೆ ಬಂದದ್ದು, ಅದೇ ಚೀಟಿಯ ಫೋಟೋ ತೆಗೆದು ಮೈಸೂರಿನಲ್ಲಿರುವ ತಂಗಿಗೆ ನಾನು ಕಳುಹಿಸಿದ್ದ ವಾಟ್ಸಾಪ್ ಸಂದೇಶ. ಕಂಪನಿಗೆ ತೋರಿಸುವ ಮೊದಲು ಪ್ರತಿಯೊಂದು ಕರಡನ್ನೂ ನಿಮ್ಮದೇ ಇಮೇಲ್‌ಗೆ ಕಳುಹಿಸಿಕೊಂಡು ಇಟ್ಟುಕೊಳ್ಳಿ.

ಇಂಥ ಪುಸ್ತಕಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ನಾರ್ವೆಯ ಕಡೆಯ ಪುರಾಣಗಳನ್ನು ಆಧರಿಸಿದ ‘ಗಾಡ್ ಆಫ್ ವಾರ್’ ಆಟ 2018ರ ಏಪ್ರಿಲ್‌ನಲ್ಲಿ ಬಂತು. ಅದಕ್ಕೆ ಹಿಂದಿನ ಕಥೆಯನ್ನು ಹೇಳುವ ಕಾಮಿಕ್ಸ್ ಆರಂಭವಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಆಟ ಮುಗಿದು ಜನರ ಕೈಸೇರಿದ್ದರಿಂದ, ಹೊಸ್ತಿಲು ಎಲ್ಲಿದೆಯೆಂದು ಆ ಚಿತ್ರಕಾರರಿಗೆ ಗೊತ್ತಿತ್ತು. ಆಟ ಇನ್ನೂ ತಯಾರಾಗುತ್ತಿರುವಾಗಲೇ ಕರೆದರೆ, ಕಥೆ ಬದಲಾದ ಕಾರಣಕ್ಕೆ ಬೇಡವಾದ ಪುಟಕ್ಕೂ ಪೂರ್ತಿ ಹಣ, ಎಂಟೆಂಟು ಪುಟಕ್ಕೆ ಒಂದು ಕಂತು, ಹೊಸ ಪಾತ್ರವನ್ನು ಆಟದಲ್ಲಿ ಬಳಸಿದರೆ ಬೇರೆ ಸಂಭಾವನೆ, ಇಷ್ಟನ್ನು ಬರೆಸಿಕೊಳ್ಳಿ. ಒಪ್ಪದಿದ್ದರೆ ಬಿಡಿ, ದಸರಾ ಮಂಟಪದ ಸಮಿತಿಯವರು ಚೌಕಾಶಿ ಮಾಡಿದರೂ ವಿಜಯದಶಮಿ ಕಳೆದ ವಾರದಲ್ಲಿ ಹಣ ಕೊಟ್ಟುಬಿಡುತ್ತಾರೆ.

ನೋಟಿಸಿಗೆ ಕಂಪನಿಯ ಉತ್ತರ ಕಳೆದ ತಿಂಗಳು ಬಂತು. ಬಾಕಿಯಲ್ಲಿ ಅರ್ಧವನ್ನು ಕೊಡುತ್ತೇವೆ, ಅದಕ್ಕೆ ಪ್ರತಿಯಾಗಿ ಬಳ್ಳಿಯ ಹಕ್ಕನ್ನು ಕಾಲ ಮತ್ತು ದೇಶದ ಮಿತಿಯಿಲ್ಲದೆ ಬರೆದುಕೊಡಿ ಎಂದಿದ್ದಾರೆ. ಆ ಹಾಳೆ ಸಹಿಯಿಲ್ಲದೆ ದೊಡ್ಡಮ್ಮನ ಪೆಟ್ಟಿಗೆಯಲ್ಲಿದೆ. ಟೀಸರ್ ಇನ್ನೂ ಹಾಗೆಯೇ ಓಡುತ್ತಿದೆ. ಬಳ್ಳಿಯ ತಾಯಿ ಬಾಗಿಲಿಗೆ ಬಂದು ಮಗಳನ್ನು ಕೂಗುತ್ತಾಳೆ, ಹೊಳೆ ಇನ್ನೂ ಹುಟ್ಟಿಲ್ಲ, ನೆರಿಗೆ ಹಿಂದೆಯೇ ಇದೆ.